ಗಾದಿಯೊಳಗೆ ಲಕ್ಷ ಬತ್ತಿ

ನರಗುಂದದ ಲಾಡಸಾಬ ತುಂಬಿದ ಗಾದಿಯ ಮೇಲೆ ದಲಾಲರೊಬ್ಬರು ಮಧ್ಯಾಹ್ನ ಉಂಡು ಅಡ್ಡಾದರಂತೆ. ಎದ್ದಾಗ ಹೆಸರುಕಾಳಿನ ಹಂಗಾಮು ಮುಗಿದು ಕಡಲೆಯ ಹಂಗಾಮು ಬಂದಿತ್ತು. ಅವರು ಮಲಗಿದ್ದನ್ನು ನಾನು ಕಂಡಿಲ್ಲ, ಗಡ್ಡವನ್ನು ಕಂಡಿದ್ದೇನೆ.

ಹತ್ತಿ ಹಿಂಜಿ ಗಾದಿ ತುಂಬುವುದು ಅವನ ಮನೆತನದ ಕಸುಬು. ಫೋಮಿನ ಗಾದಿ ಬಂದು ಕೆಲಸ ಕಡಿಮೆಯಾದಾಗ ಮಗಳು ಜಹೀದಾ ಅಂಗಡಿಗೊಂದು ಬೋರ್ಡು ಬರೆಸಿದಳು: ‘ಎಲ್ಲಾ ತರದ ಪ್ಯಾಡಿಂಗ್ ಮಾಡಿಕೊಡಲಾಗುವುದು.’ ಆ ಇಂಗ್ಲಿಷ್ ಮಾತಿಗೆ ಎಷ್ಟು ಅರ್ಥಗಳಿವೆಯೆಂದು ಅವನಿಗೆ ತಿಳಿದದ್ದು ಗಿರಾಕಿಗಳು ಬಂದ ಮೇಲೆಯೇ. ಕ್ರಿಕೆಟ್ ಆಡುವವರು ಕಾಲಿನ ಪ್ಯಾಡು ತಂದರು. ಟೇಲರು ಕೋಟಿನ ಭುಜ ತಂದ. ಅಸೂಟಿಯ ನಾಟಕದವರು ಕಡ್ಡಿಯಂಥ ಭೀಮನನ್ನೇ ಕರೆತಂದರು. ಲಾಡಸಾಬ ತುಂಬಿದ ಎದೆ ಬಾಗಿಲಲ್ಲಿ ಸಿಕ್ಕು, ಚೌಕಟ್ಟು ಕಿತ್ತು ಭೀಮನನ್ನು ಹೊರಗೆಳೆಯಬೇಕಾಯಿತು. ನಿವೃತ್ತ ಮಾಸ್ತರರೊಬ್ಬರು ಐದು ನಿಮಿಷದ ಭಾಷಣ ತಂದು ಅರ್ಧ ತಾಸಿಗೆ ಉಬ್ಬಿಸಿಕೊಡೆಂದರು. ಅದಕ್ಕೂ ಅವನು ಒಲ್ಲೆನ್ನಲಿಲ್ಲ. ಎರಡು ಮಾತಿಗೊಮ್ಮೆ ‘ಮಾನ್ಯರೇ’ ಎಂದು ತುರುಕಿಕೊಟ್ಟ.

ಅವನು ಸಿಕ್ಕಿಬಿದ್ದದ್ದು ಮಾತ್ರ ತನ್ನ ಹಳೆಯ ಕೆಲಸದಲ್ಲೇ. ಕಾಳಿನ ವ್ಯಾಪಾರಿ ಪ್ರಭುಲಿಂಗಪ್ಪನವರ ಮಗಳು ಶ್ವೇತಾಳಿಗೆ ಲಗ್ನ ಗೊತ್ತಾಗಿತ್ತು. “ಅಟ್ಟದ ಮ್ಯಾಲ ಹತ್ತಿ ಗಂಟ ಐತಿ, ಲಗೂನ ಗಾದಿ ಮಾಡ್ಕೊಡು” ಎಂದರು. ಅಟ್ಟದ ಮೇಲೆ ಹಳೆಯ ಧೋತರದಲ್ಲಿ ಕಟ್ಟಿದ ಗಂಟುಗಳು ಎರಡಿದ್ದವು. ಲಾಡಸಾಬ ಕೈಗೆ ಸಿಕ್ಕದ್ದನ್ನು ಇಳಿಸಿದ.

ಅದು ಪ್ರಭುಲಿಂಗಪ್ಪನವರ ತಾಯಿ ಕಳಕವ್ವನ ಬತ್ತಿಯ ಗಂಟು. ಗಜೇಂದ್ರಗಡದ ಗುಡ್ಡದ ದೇವರು ಕಳಕಪ್ಪನಿಗೆ ಲಕ್ಷ ಬತ್ತಿ ಉರಿಸುವ ಹರಕೆ ಹೊತ್ತು ಮುದುಕಿ ವರ್ಷವಿಡೀ ಹೊಸೆದಿದ್ದಳು. ಕಡೆಯ ಕಾರ್ತೀಕ ಸೋಮವಾರಕ್ಕೆ ಎರಡೇ ದಿನ ಉಳಿದಾಗ ಕೊಣ್ಣೂರಿನ ತವರಿನಿಂದ ಬಂದು ನೋಡಿದರೆ ಗಂಟೇ ಇಲ್ಲ. ಲಾಡಸಾಬನನ್ನು ಕರೆಸಿದಳು.

“ಲಾಡಸಾಬ, ನನ್ನ ಬತ್ತಿ ಎಲ್ಲ್ಯಾವೋ?”

“ಗಾದಿ ಆಗ್ಯಾವ್ರಿ ಅವ್ವಾರ. ಹಳೀ ಹತ್ತಿ, ಗಂಟ ಗಂಟ ಐತಿ ಅಂತ ಎರಡ ಸಲ ಹಿಂಜಿದ್ನಿರಿ.”

“ಕಳಕಪ್ಪಗ ಏನ ಹೇಳ್ಲಿ? ನಿನ್ನ ದೀಪದ ಮ್ಯಾಲ ನಮ್ಮ ಅಳಿಯಾ ಗೊರಕಿ ಹೊಡೀತಾನ ಅಂತ ಹೇಳ್ಲೇನು?”

“ಪ್ಯಾಟ್ಯಾಗ ರೆಡಿಮೇಡ್ ಬತ್ತಿ ಸಿಗ್ತಾವವ್ವಾ” ಎಂದರು ಪ್ರಭುಲಿಂಗಪ್ಪ.

“ಹೋಗು, ರೆಡಿಮೇಡ್ ಅವ್ವನ್ನೂ ತಂದ್ಕೊ.”

ಮುದುಕಿಯ ಕಣ್ಣು ತುಂಬಿದ್ದನ್ನು ಕಂಡ ಲಾಡಸಾಬ ಗಾದಿಯನ್ನು ಕಟ್ಟೆಯ ಮೇಲೆ ಹಾಕಿ ತಾನೇ ಹಾಕಿದ ಹೊಲಿಗೆಯನ್ನು ಉದ್ದಕ್ಕೂ ಬಿಚ್ಚಿದ. ಹತ್ತಿ ಎಷ್ಟು ಹಗುರಾಗಿತ್ತೆಂದರೆ ಅರ್ಧ ಓಣಿಗೆ ಮೋಡ ಕವಿಯಿತು. ಎಮ್ಮೆಯೊಂದು ಸೀನಿದ್ದು ರೋಣದವರೆಗೆ ಕೇಳಿಸಿತು. ಕಳಕವ್ವ ಒಂದು ಹಿಡಿ ಹಿಡಿದು ಒಂದು ಬತ್ತಿ ಹೊಸೆದಳು. ಇನ್ನೊಂದು ಹೊಸೆದಳು. ಆಮೇಲೆ ಓಣಿಯ ಹೆಂಗಸರನ್ನೆಲ್ಲ ಕೂಗಿದಳು.

ಅಷ್ಟರಲ್ಲಿ ರೋಣದಿಂದ ಬೀಗತಿ ಅನ್ನಪೂರ್ಣಾ ತನ್ನವರೊಂದಿಗೆ ಲಗ್ನದ ಸಾಮಾನು ನೋಡಲು ಬಂದಿಳಿದಳು.

“ಗಾದಿ ಎಲ್ಲೈತ್ರಿ?”

ಕಳಕವ್ವ ಆಕೆಯ ಉಡಿಗೆ ಒಂದು ಬೊಗಸೆ ಹತ್ತಿ ಹಾಕಿದಳು. “ಇದ ಗಾದಿರಿ. ಕುಂದರ್ರಿ, ಹೊಸೀರಿ.”

ಬೀಗತಿ ಕುಳಿತಳು. ಆಕೆ ಹೊಸೆದದ್ದು ಬಾವಿಗೆ ಇಳಿಬಿಟ್ಟರೆ ಕೊಡ ಮೇಲೆತ್ತುವಂತಿತ್ತು.

“ಬೀಗತ್ಯಾರ, ಬತ್ತಿ ಹೇಳಿದ್ನಿರಿ, ಹಗ್ಗ ಅಲ್ಲ.”

“ನಮ್ಮ ಕೈನ ದೊಡ್ಡದ್ರಿ. ಹೋಳಗಿಗೂ ಹೂರಣ ಹಿಂಗ ತುಂಬ್ತೇವಿ.”

ಸೋಮವಾರ ಬೆಳಗಾಗುವಷ್ಟರಲ್ಲಿ ಹತ್ತಿ ಮುಗಿಯಿತು. ದಪ್ಪ ಬತ್ತಿಗಳು ಹತ್ತಿಯನ್ನೆಲ್ಲ ನುಂಗಿದ್ದರಿಂದ ಲಕ್ಷ ತುಂಬಿರಲಿಲ್ಲ. ಸಂಜೆ ಗುಡ್ಡದ ಮೇಲೆ ಎಣ್ಣೆಯ ಡಬ್ಬಿ ಹಿಡಿದು ನಿಂತ ಲಾಡಸಾಬ ಅಳುಕುತ್ತಲೇ ಕೇಳಿದ: “ಕಡಿಮಿ ಬಿದ್ದಾವಲ್ರಿ ಅವ್ವಾರ?”

ಕಳಕವ್ವ ಗೋಪುರದ ಕಡೆ ನೋಡಿದಳು, ಬೀಗತಿಯ ಬತ್ತಿಗಳ ಕಡೆ ನೋಡಿದಳು.

“ಈಕಿ ಬತ್ತಿ ಒಂದೊಂದೂ ನಾಕಕ್ಕ ಸಮ. ಲಕ್ಷ ದಾಟ್ಯಾವ. ಎಣ್ಣಿ ಹಾಕೋ.”