ಎದೆಗಿಳಿದ ನೆಗಡಿ

ತೆಲಿಗಿಯಲ್ಲಿರುವ ಗೆಳತಿಯ ಮನೆಗೆ ಹೋಗಿದ್ದಾಗಲೂ ನಾನು ಬೆಳಗಿನ ನಡಿಗೆ ಬಿಟ್ಟಿರಲಿಲ್ಲ. ನೆಗಡಿಯಾಗಿ ವಾರವಾಗಿತ್ತು, ಕೆಮ್ಮುತ್ತಲೇ ನಡೆಯುತ್ತಿದ್ದೆ. ಹೊಲದ ದಾರಿಯಲ್ಲಿ ಕುರಿ ಹಿಂಡು ಎದುರಾಯಿತು. ಕುರಿ ಕಾಯುವವನು ಒಂದು ಮರಿಯನ್ನು ಹೆಗಲ ಮೇಲೆ ಹೊತ್ತಿದ್ದ.

"ಕಾಲು ಮುರಿದಿದೆಯೇನಪ್ಪ?" ಎಂದು ಕೇಳಿದೆ.

"ಇಲ್ರೀ ಯವ್ವಾ, ನೆಗಡಿ. ಬರೀ ಮೂಗು ಸೋರಿದ್ರ ಹಿಂಡಿನ ಜತಿಗೆ ಸಣ್ಣಗ ನಡಸ್ತೀವಿ. ಎದಿಗೆ ಇಳಿದ್ರ ನಡಸಂಗಿಲ್ಲ. ಕೆಮ್ಮು ನಿಂತು, ಮೊದಲಿನಂಗ ಮೇವು ತಿಂದ ಮ್ಯಾಲೇ ನೆಲಕ್ಕ ಬಿಡೋದು."

ಅಷ್ಟರಲ್ಲಿ ನನಗೆ ಕೆಮ್ಮು ಒತ್ತಿ ಬಂತು. ಅವನು ತಲೆ ಓರೆ ಮಾಡಿ ಆಲಿಸಿದ.

"ನಿಮಗೂ ಎದಿಗೆ ಇಳದೈತಲ್ರಿ. ನಿಮ್ಮನ್ನ ಹೊರೋರು ಯಾರು?" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಹೋದ ವರ್ಷ ಕೊಟ್ಟೂರಿನಲ್ಲಿ ನಮ್ಮ ಯಜಮಾನರಿಗೂ ಹೀಗೇ ಕೆಮ್ಮಿತ್ತು, ಮೈ ಬಿಸಿಯಿತ್ತು. ಇವತ್ತೊಂದು ದಿನ ಮಲಗುತ್ತೇನೆ ಎಂದವರನ್ನು ಎಬ್ಬಿಸಿ ನಡೆಯಲು ಕಳಿಸಿದವಳು ನಾನು. ಬೆವರು ಹರಿದರೆ ಶೀತ ಬಿಡುತ್ತದೆ ಎಂದು ಕರಾವಳಿಯ ನನ್ನ ತವರುಮನೆಯಲ್ಲಿ ಅಜ್ಜಿ ಹೇಳುತ್ತಿದ್ದಳು. ಆ ಮಾತನ್ನು ಇಷ್ಟು ದೂರ ಹೊತ್ತು ತಂದಿದ್ದೆ. ಮೂರನೆಯ ದಿನ ಅವರು ದಾರಿಯಲ್ಲೇ ಕುಸಿದರು. ಆಸ್ಪತ್ರೆಯಿಂದ ಜೀವಂತ ಬರಲಿಲ್ಲ.

ಕುರಿ ಹಿಂಡಿಗೆ ದಾರಿ ಬಿಟ್ಟು ನಿಂತೆ. ಅಲ್ಲಿಂದಲೇ ಹಿಂದಿರುಗಿ, ಬಿಸಿ ಗಂಜಿ ಕುಡಿದು ಹೊದ್ದು ಮಲಗಿದೆ. ಕೆಮ್ಮು ಪೂರ್ತಿ ನಿಲ್ಲುವ ತನಕ ನಡಿಗೆಯ ಮಾತೆತ್ತಲಿಲ್ಲ.

ಅಜ್ಜಿಯ ಆ ಮಾತನ್ನು ಈಗ ಯಾರಿಗೂ ಹೇಳುವುದಿಲ್ಲ. ಹೇಳಿದರೂ ಅಪಾಯವೇನಿಲ್ಲ, ಮನೆಯಲ್ಲಿ ನನ್ನ ಮಾತು ಕೇಳುತ್ತಿದ್ದವರು ಯಜಮಾನರೊಬ್ಬರೇ.