ಒಂದು ಗೋಡೆಯ ಎತ್ತರ

ನಿಪ್ಪಾಣಿ ದಾಟಿ ಕೊಗನೊಳ್ಳಿ ಹತ್ತಿರ ಹೈವೇ ಬದಿಗೆ ನನ್ನದೊಂದು ನರ್ಸರಿ ಇದೆ. ಸಸಿ ಮಾರುವುದು ಹೊಟ್ಟೆಪಾಡಾದರೆ, ಮನೆಗಳ ಅಂಗಳಕ್ಕೆ ಲೇಔಟ್ ಹಾಕಿಕೊಡುವುದು ಮನಸ್ಸಿಗೆ ಹಿಡಿದ ಕೆಲಸ. ಗಿಡ ಎಲ್ಲಿ, ಕಟ್ಟೆ ಎಲ್ಲಿ, ನೀರು ಯಾವ ಕಡೆ ಹರಿಯಬೇಕು ಎಂದು ಮೊದಲೇ ಕಾಗದದ ಮೇಲೆ ಬರೆದುಕೊಡುವುದಕ್ಕೆ ಲೇಔಟ್ ಅನ್ನುತ್ತೇವೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಅಂತ ಸ್ಕೂಟರ್ ಮೇಲೆ ತಿರುಗಿ ತಿರುಗಿ ಮೊಣಕಾಲು ಸವೆದವು. ಈಗ ನರ್ಸರಿಯನ್ನು ಮಗಳು ನೋಡಿಕೊಳ್ಳುತ್ತಾಳೆ, ನಾನು ಕುರ್ಚಿ ಮೇಲೆ ಕೂತು ಸಲಹೆ ಕೊಡುತ್ತೇನೆ. ಅವಳು ಅದನ್ನು ಕೇಳುವುದಿಲ್ಲ, ಆ ಮಾತು ಬೇರೆ.

ಜನಕ್ಕೆ ಗಿಡದ ನೆನಪಾಗುವುದು ಮಳೆ ಬಿದ್ದಾಗ. ನಾನು ಮಾತ್ರ ಅಂಗಳ ನೋಡಲು ಚಳಿಗಾಲದಲ್ಲೇ ಹೋಗುತ್ತಿದ್ದೆ. ನಮ್ಮಜ್ಜಿ ಹೇಳುತ್ತಿದ್ದಳು, "ಎತ್ತ ಕೊಳ್ಳಾವ ಬ್ಯಾಸಗ್ಯಾಗ ಕೊಳ್ಳಬೇಕು, ಎಲುವು ಕಾಣತಾವ." ಅಂಗಳದ ಎಲುಬು ಕಾಣುವುದು ಚಳಿಗಾಲದಲ್ಲಿ. ಹುಲ್ಲು ಒಣಗಿ ನೆಲದ ಏರುತಗ್ಗು ಕಾಣುತ್ತದೆ, ಸವುಳಿದ್ದರೆ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ. ಸೂರ್ಯ ದಕ್ಷಿಣಕ್ಕೆ ವಾಲಿ ಕೆಳಗಿನಿಂದಲೇ ಹಾದುಹೋಗುವುದರಿಂದ ವರ್ಷದಲ್ಲೇ ಉದ್ದನೆಯ ನೆರಳು ಬೀಳುತ್ತದೆ. ಆ ನೆರಳನ್ನು ನೋಡದೆ ಹಾಕಿದ ಲೇಔಟ್ ಅರ್ಧ ಲೇಔಟ್.

ಕೊರೋನಾ ಮುಗಿದ ಮೇಲಿನ ಎರಡನೇ ಚಳಿಗಾಲದಲ್ಲಿ ಐನಾಪುರದಿಂದ ಕರೆ ಬಂತು. ಕರೆದವನು ತಾತ್ಯಾಸಾಹೇಬ, ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಕಬ್ಬು ನುರಿಸುವ ಹಂಗಾಮು, ಅವನಿಗೆ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗಿದರೆ ಏಳುವುದು ಮಧ್ಯಾಹ್ನ. ಹೀಗಾಗಿ ನಾನು ಮೊದಲ ಸಲ ಹೋದದ್ದೂ ಮಧ್ಯಾಹ್ನವೇ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತ ಹೋಗಿದ್ದೆ. ಈ ಕೆಲಸ ಸಾಕು ಎಂದು ಆ ವರ್ಷ ದಿನಾ ಅನ್ನಿಸುತ್ತಿತ್ತು.

ಒಂದೇ ಅಂಗಳಕ್ಕೆ ಎದುರುಬದುರು ಎರಡು ಮನೆ. ಮೂಡಣದ್ದು ಅಣ್ಣ ಮುರಿಗೆಪ್ಪನದು. ಅವನಿಗೆ ಹೊಲ ಇತ್ತು, ಎಮ್ಮೆ ಇದ್ದವು. ಪಡುವಣದ್ದು ತಾತ್ಯಾನದು. ಆಸ್ತಿಯ ವಾಟಣಿಯಾಗಿ ಮನೆ, ಹೊಲ ಎಲ್ಲ ಹಂಚಿಕೊಂಡಿದ್ದರೂ ಅಂಗಳ ಮಾತ್ರ ಕೂಡೇ ಉಳಿದಿತ್ತು.

"ನಟ್ಟನಡುವ ಗ್ವಾಡಿ ಬೇಕ್ರಿ ಮಾಮಾ," ಅಂದ ತಾತ್ಯಾ. "ಆಳೆತ್ತರಕ್ಕಿಂತ ಮ್ಯಾಲ. ಗ್ವಾಡಿಗುಂಟ ಅಶೋಕ ಗಿಡ. ಆ ಮನಿ ಮಾರಿ ನನಗ ಕಾಣಬಾರ್ದು."

"ಏನಾತಪಾ ಅಂಥಾದ್ದು?"

"ಅವನ ಎಮ್ಮಿ ನನ್ನ ಗುಲಾಬಿ ತಿಂದೈತ್ರಿ. ಎರಡ ಸಲ. ಕೇಳಾಕ ಹೋದ್ರ, 'ಎಮ್ಮಿಗೆ ಗುಲಾಬಿ ಯಾವುದು ಗೊಂಡೆ ಯಾವುದು ಗೊತ್ತಾಕ್ಕೈತೇನಲೇ' ಅಂತ ನಗತಾನ."

ಗುಲಾಬಿ ಒಂದು ನೆಪ ಎಂದು ನನಗೂ ಗೊತ್ತು, ಅವನಿಗೂ ಗೊತ್ತು. ಇಂಥ ಗೋಡೆಗಳನ್ನು ಎಷ್ಟೋ ನೋಡಿದ್ದೆ, ಬುದ್ಧಿ ಹೇಳುವ ಹುರುಪು ಉಳಿದಿರಲಿಲ್ಲ. ಗೋಡೆಯ ಜಾಗ ಅಳೆದೆ, ಲೇಔಟ್ ಬರೆದೆ. ಮಧ್ಯಾಹ್ನದ ಬಿಸಿಲು ಅಂಗಳದ ತುಂಬ ಸಮನಾಗಿ ಬಿದ್ದಿತ್ತು.

ಆದರೆ ಗೋಡೆ ಏಳುವ ಮೊದಲು ಅದೇ ಸಾಲಿನಲ್ಲಿ, ಅದೇ ಎತ್ತರಕ್ಕೆ ತಾಡಪಾಲು ಕಟ್ಟಿಸಿ ಎರಡು ಮೂರು ದಿನ ಬಿಡುವುದು ನನ್ನ ರೂಢಿ. ಕಾಗದದ ಮೇಲಿನ ಗೋಡೆಗೆ ನೆರಳಿರುವುದಿಲ್ಲ, ತಾಡಪಾಲಿಗೆ ಇರುತ್ತದೆ. ತಾತ್ಯಾ ಒಪ್ಪಿದ. ಬಿದಿರು ನೆಟ್ಟು ತಾಡಪಾಲು ಕಟ್ಟಿ, "ಇನ್ನ ಮುಂಜಾನೆ ಬಂದ ನೋಡತೀನಿ," ಎಂದು ಬಂದೆ.

ಮರುದಿನ ಬೆಳಿಗ್ಗೆ ಹೋದಾಗ ಮೈ ಕೊರೆಯುವ ಥಂಡಿ. ತಾತ್ಯಾನ ಮನೆಯ ಗೋಡೆಗೆ ಆತುಕೊಂಡು, ಕೌದಿ ಹೊದ್ದು, ಒಬ್ಬ ಮುದುಕಿ ಚಾಪೆಯ ಮೇಲೆ ಕೂತಿದ್ದಳು. ಇಬ್ಬರ ತಾಯಿ, ತಾನಾಬಾಯಿ. ಮುಂದೆ ನೀಡಿದ ಕೈಗಳ ಬೆರಳು ಮುದುರಿಕೊಂಡಿದ್ದವು. ತಾಡಪಾಲಿನ ನೆರಳು ಅಂಗಳವನ್ನೆಲ್ಲ ದಾಟಿ ಆಕೆಯ ಬೆನ್ನ ಹಿಂದಿನ ಗೋಡೆ ಏರಿತ್ತು.

"ಆಯೀ, ನೆರಳಾಗ್ಯಾಕ ಕುಂತೀರಿ?" ಅಂದೆ.

"ನಾ ದಿನಾ ಕುಂಡ್ರು ಜಾಗಾ ಇದss ಐತೆಪಾ. ನೆರಳ ಇವತ್ತ ಬಂದೈತಿ," ಅಂದಳು. "ಬಿಸಲಿಗೆ ಬೆರಳ ಬಿಚ್ಚಿದ ಮ್ಯಾಲ ನನ್ನ ಚಾ. ಕಪ್ಪ ಹಿಡ್ಯಾಕ ಬರಬೇಕಲ್ಲ. ಸೊಸಿ ಕುಡಿಸಿದ್ರ ನಾ ಕುಡ್ಯಾಂಗಿಲ್ಲ."

ಸಂಧಿವಾತ. ಬೆಳಗಿನ ಬಿಸಿಲೇ ಆಕೆಗೆ ಔಷಧ. ಆ ಬಿಸಿಲಿಲ್ಲದಿದ್ದರೆ ಮಧ್ಯಾಹ್ನದವರೆಗೆ ಬೇರೆಯವರ ಕೈಯಿಂದ ಉಣ್ಣಬೇಕು, ಇಲ್ಲವೇ ಉಪವಾಸ.

ತಾಡಪಾಲಿನ ಆಚೆಯಿಂದ ಮುರಿಗೆಪ್ಪ ಇಣುಕಿದ. ಅವನ ಕಡೆ ಹೊಂಬಿಸಿಲು ಸುರಿಯುತ್ತಿತ್ತು.

"ಅವ್ವಾ, ಈ ಕಡೆ ಬಾ. ಇಲ್ಲಿ ಬಿಸಲೈತಿ."

"ನಿನ್ನ ಪಾಳಿ ಯುಗಾದಿಗಿ," ಅಂದಳು ತಾನಾಬಾಯಿ, ಅವನ ಕಡೆ ನೋಡದೇ.

ನನಗೆ ಆಗ ತಿಳಿಯಿತು. ವಾಟಣಿಯ ದಿನ ತಾಯಿಯನ್ನೂ ಹಂಚಿಕೊಂಡಿದ್ದರು. ಯುಗಾದಿಯಿಂದ ದಸರೆಯ ತನಕ ದೊಡ್ಡವನ ಮನೆ, ದಸರೆಯಿಂದ ಯುಗಾದಿಯ ತನಕ ಸಣ್ಣವನ ಮನೆ. ಪಾಳಿ ಯಾರದೋ ಅವರ ಮನೆಯ ನೀರು, ಅವರ ಮನೆಯ ನೆಲ. ಆ ಕರಾರನ್ನು ಮಕ್ಕಳಿಗಿಂತ ಆಕೆಯೇ ಬಿಗಿಯಾಗಿ ಹಿಡಿದಿದ್ದಳು. ಹೀಗೆ ಚಳಿಗಾಲ ಪೂರ್ತಿ ಆಕೆ ಇರಬೇಕಾದದ್ದು ತಾತ್ಯಾನ ಕಡೆ, ಗೋಡೆಯ ನೆರಳು ಬೀಳುವ ಕಡೆ.

ಅಷ್ಟರಲ್ಲಿ ರಾತ್ರಿ ಪಾಳಿ ಮುಗಿಸಿ ತಾತ್ಯಾನ ಬೈಕ್ ಬಂತು. ಮುಖಕ್ಕೆ ಸುತ್ತಿದ ಮಫ್ಲರ್ ಬಿಚ್ಚುತ್ತ ಬಂದವನು ತಾಯಿಯನ್ನು ನೋಡಿದ, ನೆರಳನ್ನು ನೋಡಿದ, ನನ್ನನ್ನೂ ನೋಡಿದ. ಹೇಳುವುದನ್ನೆಲ್ಲ ತಾಡಪಾಲೇ ಹೇಳಿತ್ತು.

ಮಫ್ಲರ್ ಹೆಗಲಿಗೆ ಹಾಕಿಕೊಂಡು ಅವನು ನನಗೆ ಅಂದ, "ಮಾಮಾ, ಅವರಿಗೆ ಹೇಳ್ರಿ, ಪಾಳಿ ಅದಲಾಬದಲಿ ಮಾಡೋಣು. ಥಂಡಿಗೆ ಅವರ ಇಟಗೊಳ್ಳಲಿ, ಬ್ಯಾಸಗಿಗೆ ನಾ."

ಅಣ್ಣ ನಾಲ್ಕು ಮಾರು ದೂರದಲ್ಲಿದ್ದ. ಮಾತು ನನ್ನ ಮೂಲಕವೇ ಹೋಗಬೇಕು. "ಅವನಿಗೂ ಹೇಳ್ರಿ," ಅಂದ ಮುರಿಗೆಪ್ಪ, "ನಂದೇನ ಅಡ್ಡಿ ಇಲ್ಲ. ಇವತ್ತss ಕರಕೊಂಡ ಹೊಕ್ಕೇನಿ."

ನಾನು ಬಾಯಿ ತೆಗೆಯುವ ಮೊದಲೇ ತಾನಾಬಾಯಿ ಕೌದಿ ಸರಿಸಿದಳು.

"ಯಾರನ್ನ ಕರಕೊಂಡ ಹೊಕ್ಕೀಲೇ? ನಾ ಏನ ನಿನ್ನ ಎಮ್ಮೇನು, ದಾವಣಿ ಬದಲಿ ಮಾಡಾಕ? ಮನಿ ಹಂಚಿದ್ರಿ, ಸುಮ್ಮನಿದ್ನಿ. ನನ್ನ ಹಂಚಿದ್ರಿ, ಹೂಂ ಅಂದ್ನಿ. ಈಗ ಬಿಸಲಿಗೂ ಪಾಳಿ ಹಚ್ಚತೀರೇನು?"

ಮುರಿಗೆಪ್ಪನ ಎಮ್ಮೆ ಒಂದು ಸಲ ಒದರಿತು.

"ಹೂಂ, ನೀನೊಬ್ಬಾಕಿ ಕಡಿಮಿ ಇದ್ದಿ," ಅಂದಳು ಮುದುಕಿ, ಎಮ್ಮೆಗೆ.

ತಾತ್ಯಾ ಹೋಗಿ ಬಿದಿರಿನ ಗಂಟು ಬಿಚ್ಚತೊಡಗಿದ. ತಾಡಪಾಲಿನ ಒಂದು ತುದಿ ಜೋತುಬಿತ್ತು. ಆಚೆ ತುದಿಯ ಗಂಟಿಗೆ ಮುರಿಗೆಪ್ಪನ ಕೈ ಹೋಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಗ್ವಾಡಿ ಬ್ಯಾಡೇನಪಾ ಹಂಗಾದ್ರ?" ಎಂದು ಕೇಳಿದೆ.

"ಬೇಕು," ಅಂದ ತಾತ್ಯಾ. ಸಿಟ್ಟು ಹಾಗೇ ಇತ್ತು. "ಆದ್ರ ಎಷ್ಟೆತ್ತರ ಅಂತ ಈಗ ನೋಡೋಣು. ಅವರಿಗೆ ಹೇಳ್ರಿ, ಸಾವಕಾಶ ಇಳಸ್ರಿ ಅಂತ."

ಇಳಿಸಿದರು. ತಾಡಪಾಲು ಅವರ ತಲೆಗಿಂತ ಕೆಳಗೆ ಬಂತು. ತಾನಾಬಾಯಿಯ ಬಿಳಿ ತಲೆಗೆ ಬಿಸಿಲು ತಾಗಿತು. ಎದೆಯ ಮಟ್ಟಕ್ಕೆ ಬಂತು. ಬಿಸಿಲು ಆಕೆಯ ಹೆಗಲಿಗೆ ಇಳಿಯಿತು. "ಅವನಿಗೆ ಹೇಳ್ರಿ, ಇನ್ನೊಂದೀಟು," ಅಂದ ಮುರಿಗೆಪ್ಪ. ಇನ್ನೊಂದಿಷ್ಟು ಇಳಿಯಿತು. ಬಿಸಿಲು ತೊಡೆಯ ಮೇಲಿನ ಕೈಗಳನ್ನು ದಾಟಿ, ನೆಲದ ಮೇಲೆ ಹರಿದು, ಆಕೆಯ ಕಾಲ ಬೆರಳ ತುದಿಯಲ್ಲಿ ನಿಂತಿತು.

"ಅಲ್ಲೇ ಗಂಟ ಹಾಕ್ರಿ," ಅಂದ ತಾತ್ಯಾ. ನಡುವೆ ನನ್ನನ್ನು ಇಟ್ಟುಕೊಳ್ಳುವುದನ್ನು ಆ ಒಂದು ಸಲ ಮರೆತಿದ್ದ. ಮುರಿಗೆಪ್ಪ ಗಂಟು ಹಾಕಿದ.

ಸೊಂಟದ ಮಟ್ಟ. ನಾನು ಟೇಪು ಹಿಡಿದು ಲೇಔಟ್ ತಿದ್ದಿಕೊಂಡೆ. ಅಶೋಕದ ಸಾಲು ಹೊಡೆದುಹಾಕಿ ಗೋಡೆಗುಂಟ ಕಾಕಡಾ ಮಲ್ಲಿಗೆ ಬರೆದೆ. ಬೇಸಿಗೆಯಲ್ಲಿ ನೆರಳೂ ಬೇಕಲ್ಲ, ಅದಕ್ಕೆ ಮೂಲೆಯಲ್ಲಿ ಒಂದು ದೇವಕಣಗಿಲೆ, ಈ ಕಡೆಯವರು ಚಾಫಾ ಅನ್ನುವ ಗಿಡ. ಚಳಿಗಾಲಕ್ಕೆ ಅದು ಎಲೆ ಉದುರಿಸಿ ಬಿಸಿಲಿಗೆ ದಾರಿ ಬಿಡುತ್ತದೆ. ನಾನು ಬರೆಯುವುದು ಮುಗಿಯುವ ಹೊತ್ತಿಗೆ ಆಕೆಯ ಬೆರಳು ಒಂದೊಂದೇ ಬಿಚ್ಚಿಕೊಂಡಿದ್ದವು. ಸೊಸೆ ಚಹಾ ತಂದಳು. ಎರಡೂ ಕೈಯಿಂದ ಕಪ್ಪು ಹಿಡಿದು ಆಕೆ ತಾನೇ ಕುಡಿದಳು. ನನಗೂ ಒಂದು ಕಪ್ಪು ಸಿಕ್ಕಿತು.

ಗೋಡೆ ಎದ್ದಿತು. ಅಣ್ಣತಮ್ಮಂದಿರು ಮಾತಾಡಿದರು ಎಂದು ಬರೆಯಲು ನನಗೂ ಆಸೆ, ಆದರೆ ಆಡಲಿಲ್ಲ. ಮಲ್ಲಿಗೆ ನೆಡಲು ಮಳೆಗಾಲದಲ್ಲಿ ಹೋದಾಗಲೂ "ಅವರಿಗೆ ಹೇಳ್ರಿ" ನಡೆದೇ ಇತ್ತು.

ಎರಡು ಚಳಿಗಾಲ ಕಳೆದು ತಾನಾಬಾಯಿ ತೀರಿಕೊಂಡ ಸುದ್ದಿ ಬಂತು. ಅದರ ಮುಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ತಾತ್ಯಾನ ಫೋನ್ ಬಂತು. ಇನ್ನು ಗೋಡೆ ಏರಿಸಬೇಕು ಅನ್ನುತ್ತಾನೆ ಅಂದುಕೊಂಡೆ. ಅಡ್ಡಿಯೇನೂ ಉಳಿದಿರಲಿಲ್ಲವಲ್ಲ. ಬೇರೆ ಯಾರನ್ನಾದರೂ ಕರೆಯಪ್ಪಾ ಎಂದು ಹೇಳುವವನೇ ಇದ್ದೆ, ಅಷ್ಟು ದಣಿದಿದ್ದೆ.

"ಮಾಮಾ, ಆ ಮಲ್ಲಿಗಿ ಭಾಳ ಎತ್ತರ ಬೆಳದೈತಿ," ಅಂದ. "ಎಲ್ಲಿ ಮಟಾ ಕತ್ತರಸ್ಬೇಕ್ರಿ?"

"ಯಾಕಪಾ, ಈಗ ಬೆಳೀಲಿ ಬಿಡು. ನಿನಗ ಆ ಮನಿ ಮಾರಿ ಕಾಣಬಾರ್ದಾಗಿತ್ತಲ್ಲ."

ತಾತ್ಯಾ ಅಂದ, "ಅವ್ವನ ಚಾಪಿ ಹಾಸು ಜಾಗಾದಾಗ ನೆರಳ ಬೀಳಾಕತ್ತೈತ್ರಿ."

ಗೋಡೆಯ ಮಟ್ಟಕ್ಕೇ ಕತ್ತರಿಸು ಅಂದೆ. ಹೂಂ ಅಂದ.

ಈಗ ಮಗಳು ಲೇಔಟ್ ಹಾಕಲು ಹೊರಟಾಗ ನಾನು ಕುರ್ಚಿ ಮೇಲಿಂದ ಒಂದೇ ಮಾತು ಹೇಳುತ್ತೇನೆ: ಚಳಿಗಾಲದಲ್ಲಿ ಹೋಗು, ಬೆಳಿಗ್ಗೆಯೇ ಹೋಗು, ಟೇಪು ಬಿಚ್ಚುವ ಮೊದಲು ಅಲ್ಲಿ ಯಾರು ಕೂತಿದ್ದಾರೆ ನೋಡು. ಈ ಒಂದು ಮಾತನ್ನು ಮಾತ್ರ ಅವಳು ಕೇಳುತ್ತಾಳೆ.