ಉಪ್ಪಿನಕಾಯಿ ಹಾಕದ ವಂಶ

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಏನಾದರೊಂದು ಹುಚ್ಚು ಹಿಡಿಯುತ್ತದೆ. ನನಗೆ ವಂಶಾವಳಿಯ ಹುಚ್ಚು ಹಿಡಿಯಿತು. ಬಸವನಗುಡಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ದೊಡ್ಡ ಡ್ರಾಯಿಂಗ್ ಹಾಳೆ ಹರಡಿ, ಸಿಕ್ಕಸಿಕ್ಕ ನೆಂಟರಿಗೆಲ್ಲ ಫೋನ್ ಮಾಡಿ, ಆರು ತಲೆಮಾರಿನ ಗಂಡಸರನ್ನು ಗೆರೆ ಎಳೆದು ಜೋಡಿಸಿದೆ. ಹೆಂಗಸರ ಜಾಗದಲ್ಲಿ ಹೆಚ್ಚಿನ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆ.

ಎಂಬತ್ತೆರಡು ವರ್ಷದ ಅಮ್ಮ ಕನ್ನಡಕ ಏರಿಸಿಕೊಂಡು ಹಾಳೆಯನ್ನು ನೋಡಿದಳು. "ಇಷ್ಟೆಲ್ಲ ಹುಡುಕಿದೀಯ. ಈ ಮನೇಲಿ ಉಪ್ಪಿನಕಾಯಿ ಯಾಕೆ ಹಾಕಬಾರದು ಅಂತ ಇದರಲ್ಲಿದೆಯಾ?"

ಇರಲಿಲ್ಲ.

"ಹಾಗಾದ್ರೆ ಇದೂ ಊಟಕ್ಕಿಲ್ಲದ ಉಪ್ಪಿನಕಾಯಿನೇ ಬಿಡು," ಎಂದು ಒಳಗೆ ಹೋದಳು.

ನಮ್ಮ ಮನೆಯಲ್ಲಿ ಉಪ್ಪಿನಕಾಯಿ ತಿನ್ನಬಹುದು, ಹಾಕುವಂತಿಲ್ಲ. ಹಾಕಿದರೆ ಮಕ್ಕಳಿಗೆ ಕೇಡು ಎಂದು ನಂಬಿಕೆ. ಜಾಡಿಯಲ್ಲಿ ಹಾವು ಸಿಕ್ಕಿತ್ತು ಎಂದು ಚಿಕ್ಕಪ್ಪ ಹೇಳುತ್ತಿದ್ದರು. ಯಾರದೋ ಶಾಪ ಎಂದು ಇನ್ನೊಬ್ಬರು. ಅಮ್ಮನ ತವರಿನಲ್ಲಿ ಅವಳ ನಿಂಬೆಹಣ್ಣಿನ ಉಪ್ಪಿನಕಾಯಿಗೆ ದೊಡ್ಡ ಹೆಸರಿತ್ತಂತೆ. ಇಲ್ಲಿಗೆ ಸೊಸೆಯಾಗಿ ಬಂದ ದಿನವೇ ಅದಕ್ಕೆ ಎಳ್ಳುನೀರು. ಅರವತ್ತು ವರ್ಷಕ್ಕೂ ಮೇಲಿಂದ ಪಕ್ಕದ ಮನೆಯವರು ಕೊಟ್ಟಿದ್ದನ್ನೇ ನಾವು ತಿಂದಿದ್ದೇವೆ. ಬಂದವರು ಚೆನ್ನಾಗಿದೆ ಎಂದಾಗಲೆಲ್ಲ ಅಮ್ಮ, "ನಮ್ಮನೇದಲ್ಲ, ಪಕ್ಕದ ಮನೇದು," ಎಂದು ಹೇಳಬೇಕು. ಹಾಗೆ ಹೇಳುವಾಗ ಅವಳ ಮುಖ ಸ್ವಲ್ಪ ಚಿಕ್ಕದಾಗುತ್ತಿತ್ತು. ನಾನು ಅದನ್ನು ಗಮನಿಸಿದ್ದು ಈಗ, ಈ ವಯಸ್ಸಿನಲ್ಲಿ.

ಉತ್ತರ ಗೊತ್ತಿರಬಹುದಾದವರು ಒಬ್ಬರೇ ಉಳಿದಿದ್ದರು: ಮಲ್ಲೇಶ್ವರದಲ್ಲಿರುವ ನನ್ನ ತಾತನ ತಂಗಿ. ತೊಂಬತ್ತನಾಲ್ಕು ವರ್ಷ. ಕಿವಿ ಮಂದ, ನಾಲಿಗೆ ಚುರುಕು. ಅಮ್ಮನನ್ನೂ ಕರೆದುಕೊಂಡು ಮೆಟ್ರೊ ಹತ್ತಿದೆ.

ಪ್ರಶ್ನೆಯನ್ನು ಎರಡು ಸಲ ಕೂಗಿ ಹೇಳಿದೆ. ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕೇ ನಕ್ಕರು.

"ಹಾವೂ ಇಲ್ಲ, ಶಾಪಾನೂ ಇಲ್ಲ ಕಣೋ. ಅದು ನಮ್ಮಮ್ಮನ ಕಿತಾಪತಿ."

ಆಗ ಮನೆ ಇದ್ದದ್ದು ಚಾಮರಾಜಪೇಟೆಯಲ್ಲಿ. ಪ್ರತಿ ಬೇಸಿಗೆಗೂ ಮೂಟೆಗಟ್ಟಲೆ ಮಾವಿನಕಾಯಿ, ಬುಟ್ಟಿಗಟ್ಟಲೆ ನಿಂಬೆಹಣ್ಣು ಮನೆಗೆ ಬರುತ್ತಿದ್ದವು. ನೆಂಟರಿಗೆಲ್ಲ ಒಂದೊಂದು ಜಾಡಿ. ಹೆಚ್ಚುವವಳು, ಬೆರೆಸುವವಳು ಒಬ್ಬಳೇ, ನನ್ನ ಮುತ್ತಜ್ಜಿ. ಉಪ್ಪು ಖಾರಕ್ಕೆ ಬೆರಳುಗಳು ಬಿರಿದು ರಕ್ತ ಬರುತ್ತಿತ್ತು. ಒಂದು ವರ್ಷ ಬೆಳಗ್ಗೆ ಎದ್ದವಳೇ, ರಾತ್ರಿ ಮನೆದೇವರು ಕನಸಿನಲ್ಲಿ ಬಂದು ಇನ್ನು ಈ ಮನೆಯಲ್ಲಿ ಉಪ್ಪಿನಕಾಯಿ ಹಾಕಕೂಡದು ಎಂದರು ಅಂತ ಗೋಳೋ ಎಂದು ಅತ್ತಳಂತೆ.

"ನಮ್ಮ ತಾತ ಯಾರ ಮಾತೂ ಕೇಳೋರಲ್ಲ. ದೇವರ ಮಾತು ಮಾತ್ರ ಕೇಳ್ತಿದ್ರು," ಎಂದರು ಅಜ್ಜಿ. "ಆಮೇಲೆ ಅಮ್ಮ ಹಿತ್ತಲಲ್ಲಿ ನನ್ನ ಕರೆದು ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ನಕ್ಕಿದ್ಲು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಯಾರು ಕೇಳಿದ್ರು?"

ಅಮ್ಮ ಸೆರಗಿನ ತುದಿ ಹಿಡಿದು ಕೂತಿದ್ದಳು. "ಹಾಗಾದ್ರೆ ನಾನು ಹಾಕಬಹುದಾ ಅತ್ತೆ?"

"ಧಾರಾಳವಾಗಿ ಹಾಕು. ನಂಗೊಂದು ಬಾಟ್ಲು ಕಳಿಸು."

ಅಮ್ಮ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ವಾಪಸು ಬರುವಾಗ ಮೆಟ್ರೊದಲ್ಲಿ, ಇಳಿಯುವ ಮುಂಚೆ, "ಆಯಮ್ಮಂಗೆ ಬೇಡವಾಗಿತ್ತು, ನಂಗೆ ಬೇಕಾಗಿತ್ತು. ಇಬ್ಬರನ್ನೂ ಯಾರೂ ಕೇಳಲಿಲ್ಲ ನೋಡು," ಎಂದಳು. ಮುತ್ತಾತಂದಿರ ಬಗ್ಗೆಯೆಲ್ಲ ವಿಚಾರಿಸಿದ ನಾನು ಅಮ್ಮನ ಅಡುಗೆಮನೆಯಲ್ಲಿ ಅರವತ್ತು ವರ್ಷ ಉಂಡವನು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮರುದಿನವೇ ಕೃಷ್ಣರಾಜ ಮಾರುಕಟ್ಟೆಯಿಂದ ನೂರು ನಿಂಬೆಹಣ್ಣು ತಂದೆ. ವಂಶಾವಳಿಯನ್ನು ಸುತ್ತಿಟ್ಟು, ಅದೇ ಮೇಜಿನ ಮೇಲೆ ಹೆಚ್ಚಲು ಕೂತೆ. ಅಮ್ಮನದು ಮೇಲ್ವಿಚಾರಣೆ. ಒಂದೊಂದನ್ನೂ ಒರೆಸಬೇಕು, ಎಂಟೇ ಹೋಳು ಮಾಡಬೇಕು, ಒಂದು ಹನಿ ನೀರೂ ತಾಗಬಾರದು. ನಲವತ್ತಾಗುವಷ್ಟರಲ್ಲಿ ಬೆರಳು ಕುಯ್ದು, ರಸ ತಾಗಿ, ಚುರುಚುರು ಉರಿಯತೊಡಗಿತು. ಮುತ್ತಜ್ಜಿಯ ಮೇಲೆ ಎಲ್ಲಿಲ್ಲದ ಗೌರವ ಬಂತು.

"ಅಮ್ಮಾ, ಇವತ್ತು ರಾತ್ರಿ ನಂಗೂ ಕನಸು ಬೀಳೋ ಹಾಗಿದೆ."

"ಬೀಳಲಿ. ಮೊದಲು ನೂರೂ ಮುಗಿಸು."

ಉಪ್ಪನ್ನು ಅವಳು ಅಳೆಯಲಿಲ್ಲ. ಮುಷ್ಟಿ ತುಂಬಿ ಹಾಕಿದಳು. ಕೈಗೆ ಲೆಕ್ಕ ಇನ್ನೂ ನೆನಪಿತ್ತು.

ಜಾಡಿಯ ಬಾಯಿಗೆ ಬಟ್ಟೆ ಕಟ್ಟಿಟ್ಟು, ಹೋಳು ಮೆತ್ತಗಾದ ಮೇಲೆ ಖಾರ, ಮೆಂತ್ಯ ಬೆರೆಸಿ, ಮೊದಲ ಬಾಟಲನ್ನು ಮಲ್ಲೇಶ್ವರಕ್ಕೆ ಕಳಿಸಿದಳು. ಎರಡನೆಯದನ್ನು ತಾನೇ ಹಿಡಿದುಕೊಂಡು ಪಕ್ಕದ ಮನೆಗೆ ಹೊರಟಳು. ಬೀಳುತ್ತಾಳೇನೋ ಎಂದು ನಾನೂ ಹಿಂದೆ ಹೋದೆ. ಆ ಮನೆಯ ಸೊಸೆ ಬಾಗಿಲಲ್ಲೇ ಒಂದು ಹೋಳು ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದಳು.

"ತುಂಬಾ ಚೆನ್ನಾಗಿದೆ ಅಜ್ಜಿ. ಯಾರ ಮನೇದು?"

ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

"ನಮ್ಮನೇದು," ಎಂದಳು.